ಕಾವಲು ನೂತ ಹುಳು

ಹುಳುಗಳು ನಾಲ್ಕನೇ ಜ್ವರದಿಂದ ಎದ್ದ ದಿನ ಬೆಳಿಗ್ಗೆ ಹೊಂಬಾಳಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳು ಮನೆಯ ಬಾಗಿಲ ತನಕ ಬಂದವಳು, ಒಳಗೆ ಕಾಲಿಡಲಾರದೆ ಹೊರೆಯನ್ನು ಅಲ್ಲೇ ಕೆಡವಿ ಅದರ ಮೇಲೆಯೇ ಕುಳಿತುಬಿಟ್ಟಳು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿತ್ತು, ಆದರೆ ಹೋದ ಗಾಳಿ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ಒಳಗಡೆ ಹಸಿದ ಹುಳುಗಳು ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು. ಪೊರೆ ಬಿಡುವ ಮುನ್ನ ರೇಷ್ಮೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ; ಅದನ್ನೇ ಆ ಸೀಮೆಯವರು ಜ್ವರ ಎನ್ನುವುದು. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಮೇವು ತಪ್ಪಿಸಿದರೆ ಗೂಡು ಕಟ್ಟುವುದಿಲ್ಲವೆಂಬುದು ಹೊಂಬಾಳಮ್ಮನಿಗೆ ಗೊತ್ತಿತ್ತು. ಅವಳಿಗೆ ಅಳು ಬಂದದ್ದು ಉಸಿರಿಗಲ್ಲ, ಅದಕ್ಕೆ.

ಅವಳಿಗೆ ಆಗ ಮೂವತ್ತೊಂಬತ್ತು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ಕನಕಪುರದ ಪಕ್ಕದ ಅಚ್ಚಲುದೊಡ್ಡಿಗೆ, ತವರಿಗೆ, ಮರಳಿದ್ದಳು. ಅಣ್ಣ ಶಿವನಂಜೇಗೌಡನ ಜೊತೆ ಸೇರಿ ಹುಳು ಸಾಕಿದಳು. ಅವಳು ಸಾಕಿದ ಹುಳುವಿನ ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ನಲವತ್ತಾರಕ್ಕೆ ಏದುಸಿರು ಬಿಡುತ್ತಲೇ ಸತ್ತಿದ್ದ. ಅಣ್ಣ ನಲವತ್ತೊಂದಕ್ಕೆ ಹಾಗೆಯೇ ಹೋದ. ಅತ್ತಿಗೆ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಅವರ ಒಬ್ಬಳೇ ಮಗಳು ಇಂಚರ, ಹದಿನೇಳು ವರ್ಷದವಳು, ಅತ್ತೆಯ ಮಡಿಲಿಗೆ ಬಿದ್ದಿದ್ದಳು.

'ಹುಳು ಮನೆ ಗಾಳಿ' ಎಂದರು ಊರವರು. 'ಆ ವಂಶದ ಎದೆಗೂಡೇ ಸಣ್ಣದು' ಎಂದರು ನೆಂಟರು. ಕಫದಲ್ಲಿ ರೋಗಾಣು ಕಾಣದಿದ್ದರೂ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದ್ದರು. ಆಮೇಲೆ ಅಸ್ತಮಾ ಎಂದು ಎಳೆದುಕೊಳ್ಳುವ ಔಷಧಿ ಕೊಟ್ಟರು. ಅವಳು ನುಂಗಿದಳು, ಎಳೆದುಕೊಂಡಳು, ಸೊಪ್ಪು ಹೊತ್ತಳು. ಈಗ ಹೊರಲಾಗಲಿಲ್ಲ.

ಇಂಚರ ಅತ್ತೆಯನ್ನು ಬಸ್ಸು ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕರೆತಂದಳು. ಅಲ್ಲಿ ಎದೆರೋಗದ ವಿಭಾಗಕ್ಕೆ ಹೊಸದಾಗಿ ಬಂದವರು ಡಾಕ್ಟರ್ ಫಿಲೋಮಿನಾ. ಹಾರೋಬೆಲೆ ಕಡೆಯವರು, ಮಾತು ಕಮ್ಮಿ, ನೋಟ ಜಾಸ್ತಿ. ಎದೆಯ ಸ್ಕ್ಯಾನನ್ನು ದೀಪದ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು.

"ಬೀಡಿ ಸೇದ್ತೀರೇನ್ರೀ?"

"ಅಯ್ಯೋ, ಇಲ್ಲ ಕಣ್ ಡಾಕ್ಟ್ರಮ್ಮ!"

"ಒಲೆ ಹೊಗೆ?"

"ಗ್ಯಾಸ್ ಬಂದು ಹದಿನೈದು ವರ್ಸಾತು."

"ಬೀಡಿ ಸೇದೋರಿಗೆ ಪುಪ್ಪುಸ ಮೇಲಿಂದ ಹಾಳಾಗ್ತದೆ. ನಿಮ್ಮದು ಕೆಳಗಿಂದ ಹಾಳಾಗಿದೆ," ಎಂದರು ಡಾಕ್ಟರು. ಆಮೇಲೆ ಕಾಗದ ಪೆನ್ನು ತೆಗೆದು, ಅಪ್ಪ ಯಾರು, ಅಪ್ಪನ ಅಣ್ಣತಮ್ಮಂದಿರು ಯಾರು, ಯಾರು ಯಾವ ವಯಸ್ಸಿಗೆ ಏದುಸಿರು ಬಿಟ್ಟರು ಎಂದು ಒಂದೊಂದೇ ಕೇಳುತ್ತಾ ಗೆರೆ ಎಳೆದರು. "ನಿಮ್ಮ ಅಪ್ಪ, ಅವ್ವ ಮದುವೆಗೆ ಮುಂಚೇನೇ ನೆಂಟರಾ?"

"ಹೂಂ. ನಮ್ಮವ್ವ ನಮ್ಮಪ್ಪಂಗೆ ಸೋದರತ್ತೆ ಮಗಳು. ನಮ್ಮಣ್ಣಾನೂ ಸೋದರಮಾವನ ಮಗಳನ್ನೇ ತಂದ್ಕೊಂಡ."

ಡಾಕ್ಟರ ಪೆನ್ನು ನಿಂತಿತು. ಅವರು ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಹದಿನೈದು ದಿನಕ್ಕೆ ಉತ್ತರ ಬಂತು. ಹನ್ನೆರಡು ವರ್ಷದ ವೃತ್ತಿಯಲ್ಲಿ ಅವರು ಪುಸ್ತಕದಲ್ಲಷ್ಟೇ ಓದಿದ್ದ ಕಾಯಿಲೆ ಎದುರಿಗೆ ಬೆಂಚಿನ ಮೇಲೆ ಕುಳಿತಿತ್ತು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿತ್ತು.

"ಇದು ಗಾಳಿಯಿಂದ ಬಂದದ್ದಲ್ಲ ಹೊಂಬಾಳಮ್ಮ. ಹುಟ್ಟುವಾಗಲೇ ತಂದದ್ದು," ಎಂದು ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಎದೆಯೊಳಕ್ಕೆ ದೂಳೋ ರೋಗಾಣುವೋ ಬಂದ್ರೆ ಅದನ್ನ ಕರಗಿಸಾಕೆ ನಮ್ಮ ಬಿಳಿ ರಕ್ತಕಣ ಒಂದು ರಸ ಬಿಡ್ತದೆ. ಆ ರಸಕ್ಕೆ ತನ್ನದು, ಪರರದು ಗೊತ್ತಾಗಾಕಿಲ್ಲ. ರೋಗಾಣು ಮುಗಿದ ಮೇಲೆ ಪುಪ್ಪುಸದ ಗೋಡೇನೇ ತಿನ್ನಾಕೆ ಶುರು ಮಾಡ್ತದೆ. ಅದನ್ನ ಹಿಡಿದು ನಿಲ್ಲಿಸಾಕೆ ಲಿವರ್ ಒಂದು ಪ್ರೋಟೀನ್ ಮಾಡಿ ಕಳಿಸ್ತದೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಅಂತ ಹೆಸರು. ಕಾವಲುಗಾರ ಅನ್ಕೊಳ್ಳಿ. ನಿಮ್ಮ ಲಿವರೂ ಮಾಡ್ತದೆ, ಆದ್ರೆ ಅದರ ಎಳೆ ಒಂದು ಕಡೆ ತಪ್ಪಾಗಿ ಮಡಚ್ಕೊಂಡು ಲಿವರಲ್ಲೇ ಸಿಕ್ಕಾಕೊಳ್ತದೆ. ಹೊರಗೆ ಬರಾಕಿಲ್ಲ."

ಹೊಂಬಾಳಮ್ಮ ಎರಡು ಬೆರಳು ಹೆಣೆದು ತೋರಿಸಿದಳು. "ಎರಡು ಹುಳ ಸೇರಿ ಒಂದೇ ಗೂಡು ಕಟ್ಬುಡ್ತವೆ ನೋಡಿ, ಜೋಡಿ ಗೂಡು? ಅದರ ನೂಲು ಗಂಟಾಕೊಂಡು ಎಷ್ಟೆಳೆದ್ರೂ ಬಿಚ್ಕೊಳಾಕಿಲ್ಲ. ಅಂಗಾ?"

ಡಾಕ್ಟರ್ ಫಿಲೋಮಿನಾ ಅವಳನ್ನೇ ನೋಡಿದರು. "ಹೂಂ. ಹಂಗೇನೇ."

"ಔಸ್ದಿ?"

ಅದನ್ನು ಹೇಳುವುದು ಡಾಕ್ಟರಿಗೂ ಕಷ್ಟವಾಯಿತು. ಸಾವಿರಾರು ಜನ ದಾನ ಕೊಟ್ಟ ರಕ್ತದಿಂದ ಆ ಪ್ರೋಟೀನನ್ನು ಬೇರ್ಪಡಿಸಿ ವಾರಕ್ಕೊಮ್ಮೆ ನರಕ್ಕೆ ಏರಿಸಬೇಕು, ಹೊರದೇಶಗಳಲ್ಲಿ ಏರಿಸುತ್ತಾರೆ, ಇಲ್ಲಿ ಅದು ಕೈಗೆ ಎಟುಕುವಂತಿಲ್ಲ. ಹುಳು ಮನೆಗೆ ಹೋಗಕೂಡದು, ದೂಳು ಹೊಗೆ ತಗಲಕೂಡದು, ಉಸಿರಿನ ವ್ಯಾಯಾಮ ಮಾಡಬೇಕು. ಸದ್ಯಕ್ಕೆ ಅಷ್ಟೇ.

ಹೊಂಬಾಳಮ್ಮ ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. "ಪ್ರೋಟೀನು ಅಂದ್ರಲ್ಲ ಡಾಕ್ಟ್ರಮ್ಮ. ನಮ್ಮ ಹುಳ ಬುಡೋ ನೂಲೂ ಪ್ರೋಟೀನೇ ಅಂತ ರೇಷ್ಮೆ ಇಲಾಖೆ ತರಬೇತೀಲಿ ಹೇಳಿದ್ರು. ದಿಟವಾ?"

"ದಿಟ."

"ಬರೀ ಸೊಪ್ಪು ತಿಂದು ಅಷ್ಟುದ್ದ ನೂಲು ಮಾಡೋ ಹುಳಕ್ಕೆ ನಮ್ಮ ಈ ಒಂದು ಪ್ರೋಟೀನು ಮಾಡಾಕಾಗಾಕಿಲ್ವಾ?"

ಡಾಕ್ಟರು ನಕ್ಕರು. ಮುಂದಿನ ರೋಗಿಯನ್ನು ಕರೆದರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಅದೇ ವಾರ ಅವರು ಮೈಸೂರು ರಸ್ತೆಯ ಒಂದು ರೇಷ್ಮೆ ಪ್ರಯೋಗಾಲಯದಲ್ಲಿದ್ದ ಗೆಳತಿ ತಸ್ನೀಮ್‌ಗೆ ಫೋನು ಮಾಡಿ ಆ ಪ್ರಶ್ನೆಯನ್ನು ಪದಕ್ಕೆ ಪದ ಒಪ್ಪಿಸಿದರು.

ತಸ್ನೀಮ್ ರಾಮನಗರದ ರೀಲರ ಮಗಳು. ಗೂಡು ಬೇಯಿಸುವ ಬಾಣಲೆಯ ಹಬೆಯಲ್ಲೇ ಓದಿ ಬೆಳೆದವಳು. ನಗಲಿಲ್ಲ. "ನೂಲಿನ ಒಳಗೆ ಗಟ್ಟಿ ಎಳೆ, ಮೇಲೆ ಗೋಂದು," ಎಂದಳು. "ನಮ್ಮ ಅಬ್ಬಾ ದಿನಾ ಆ ಗೋಂದು ನೀರನ್ನ ಚರಂಡಿಗೆ ಚೆಲ್ತಿದ್ರು. ಮನುಷ್ಯರ ಜೀನನ್ನ ಹುಳುವಿನ ಮೊಟ್ಟೆಯೊಳಗೆ ಸೇರಿಸಿ, ಪ್ರೋಟೀನು ಆ ಗೋಂದಿಗೇ ಬರೋ ಹಂಗೆ ಮಾಡಿದ್ರೆ? ಬೇಯಿಸೋದು ಬೇಡ, ತಣ್ಣೀರಲ್ಲಿ ನೆನೆಸಿದ್ರೆ ಸಾಕು. ಆಗಬಹುದು ಫಿಲೋ. ಆಗಬಹುದು."

ಆಗಬಹುದು ಎಂಬುದಕ್ಕೂ ಆಯಿತು ಎಂಬುದಕ್ಕೂ ನಡುವೆ ಎರಡು ವರ್ಷ ಕಳೆದವು. ಗುಂಡುಸೂಜಿಯ ತಲೆಯಷ್ಟಿರುವ ಮೊಟ್ಟೆಗಳಿಗೆ ಕೂದಲಿಗಿಂತ ತೆಳುವಾದ ಗಾಜಿನ ಕೊಳವೆಯಿಂದ ಜೀನು ಚುಚ್ಚಿದರು. ಜೀನು ನಾಟಿದ್ದನ್ನು ಗುರುತಿಸಲು ಅದರ ಜೊತೆಗೊಂದು ಬಣ್ಣದ ಜೀನನ್ನೂ ಸೇರಿಸಿದ್ದರು. ಸಾವಿರ ಮೊಟ್ಟೆಗೆ ನಾಲ್ಕೈದು ನಾಟಿದವು. ಅವುಗಳ ಪೀಳಿಗೆಯ ಪತಂಗಗಳ ಕಣ್ಣು ವಿಶೇಷ ದೀಪದ ಕೆಳಗೆ ಕೆಂಪಗೆ ಹೊಳೆದಾಗ ಪ್ರಯೋಗಾಲಯದವರು ಸಿಹಿ ಹಂಚಿದರು. ಆದರೆ ಹುಳು ಸಾಕಲು ಹೊರಟರೆ ನಾಲ್ಕನೇ ಜ್ವರದ ತನಕ ಚೆನ್ನಾಗಿರುತ್ತಿದ್ದವು, ಆಮೇಲೆ ಸಪ್ಪೆ ರೋಗ ಹಿಡಿದು ಸಾಲುಸಾಲಾಗಿ ಸಾಯುತ್ತಿದ್ದವು. ಒಂದು ಬೆಳೆ ಹೋಯಿತು, ಎರಡು ಹೋದವು, ಏಳು ಹೋದವು.

ಇತ್ತ ಅಚ್ಚಲುದೊಡ್ಡಿಯ ಹುಳು ಮನೆಗೆ ಬೀಗ ಬಿದ್ದಿತ್ತು. ಆರು ತಿಂಗಳಿಗೊಮ್ಮೆ ಡಾಕ್ಟರು ಹೊಂಬಾಳಮ್ಮನಿಂದ ಕೊಳವೆಯೊಳಕ್ಕೆ ಉಸಿರು ಊದಿಸುತ್ತಿದ್ದರು. ಆರೋಗ್ಯವಂತರಿಗೆ ನೂರು ಎಂದರೆ ಅವಳಿಗೆ ಮೊದಲು ಬಂದದ್ದು ಐವತ್ತೆರಡು. ಆಮೇಲೆ ಐವತ್ತು. ನಲವತ್ತೆಂಟು. ಇಂಚರಳ ರಕ್ತವನ್ನೂ ನೋಡಿದ್ದರು. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಜೀನು ಕೆಟ್ಟಿದ್ದವು. ಅವಳ ಪುಪ್ಪುಸ ಇನ್ನೂ ಹೊಸ ಗುಡಾರದಂತೆ ಬಿಗಿಯಾಗಿತ್ತು. "ಇನ್ನೊಂದು ಹತ್ತು, ಹನ್ನೆರಡು ವರ್ಷಕ್ಕೆ ತೋರಿಸಿಕೊಳ್ತದೆ. ಅಷ್ಟರೊಳಗೆ ಏನಾದ್ರೂ ಸಿಗಬೇಕು," ಎಂದಿದ್ದರು ಡಾಕ್ಟರು. ತನ್ನ ಕಾಯಿಲೆ ತಿಳಿದಾಗ ಅಳದಿದ್ದ ಹೊಂಬಾಳಮ್ಮ ಅವತ್ತು ಬಸ್ಸಿನಲ್ಲಿ ಊರು ಬರುವ ತನಕ ಅತ್ತಳು.

ವಂಶದವರೆಲ್ಲರ ರಕ್ತ ನೋಡಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ದೊಡ್ಡಪ್ಪನ ಮಗ ಚಿಕ್ಕಲಿಂಗೇಗೌಡನ ಮನೆಗೆ ಹೋದಳು. ಅವನು ಆ ಮನೆತನದ ಹಿರಿಯ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ.

"ಅಣ್ಣ, ನಿಂದೂ ಒಂದ್ಸಲ ರಕ್ತ ನೋಡ್ಸಾಣ."

"ನಂಗೇನಾಗದೆ? ಬೀಡಿ ದಮ್ಮು ಇದು," ಎಂದ ಅವನು. "ಹೊಂಬಾಳಿ, ನಂಗೆ ಇಬ್ರು ಹೆಣ್ಣು ಮೊಮ್ಮಕ್ಕಳವ್ರೆ, ಮುಂದಕ್ಕೆ ಮದುವೆ ಮಾಡ್ಬೇಕು. ವಂಶದಲ್ಲೇ ರೋಗ ಅದೆ ಅಂತ ನೀನು ಊರೂರು ಡಂಗುರ ಹೊಡುದ್ರೆ ನಾಳೆ ಯಾರು ನಮ್ಮ ಮನೆ ಬಾಗಿಲಿಗೆ ಬತ್ತಾರೆ? ನಮ್ಮ ಮನೆತನಕ್ಕೆ ಮಸಿ ಬಳೀಬ್ಯಾಡ."

"ಮಸಿ ಯಾರು ಬಳುದ್ರು ಅಣ್ಣ? ಸತ್ತೋರು ಸುಮ್ನೆ ಸತ್ರಲ್ಲ, ಕಾರಣ ಗೊತ್ತಾತು ಅಂದೆ."

ಅವನು ಎದ್ದು ಒಳಗೆ ಹೋದ. ಅಂದಿನಿಂದ ಅವಳೊಂದಿಗೆ ಮಾತು ಬಿಟ್ಟ.

ಎಂಟನೇ ಬೆಳೆಯ ಹುಳುಗಳು ಮೂರನೇ ಜ್ವರದಲ್ಲಿದ್ದಾಗ ತಸ್ನೀಮ್ ತಾನೇ ಅಚ್ಚಲುದೊಡ್ಡಿಗೆ ಬಂದಳು. ಜಗುಲಿಯ ಮೇಲೆ ಕುಳಿತು ಸಂಕೋಚವಿಲ್ಲದೆ ಹೇಳಿದಳು: "ಅಕ್ಕ, ಜೀನು ಹಾಕೋಕೆ ನಮಗೆ ಬರ್ತದೆ. ಹುಳ ಸಾಕೋಕೆ ಬರ್ತಾ ಇಲ್ಲ."

ಹೊಂಬಾಳಮ್ಮ ಮತ್ತೆ ಹುಳುಗಳ ಹತ್ತಿರ ಹೋಗುವುದಕ್ಕೆ ಡಾಕ್ಟರು ಮೊದಲು ಒಪ್ಪಲಿಲ್ಲ. ಕೊನೆಗೆ ತಲೆಗೆ ಹಾಕಿಕೊಳ್ಳುವ ಒಂದು ಗಾಳಿ ಟೋಪಿ ತರಿಸಿದರು. ಸೊಂಟಕ್ಕೆ ಕಟ್ಟಿದ ಪುಟ್ಟ ಫ್ಯಾನು ಗಾಳಿಯನ್ನು ಸೋಸಿ ಮುಖದ ಮುಂದಿನ ಗಾಜಿನೊಳಕ್ಕೆ ಊದುತ್ತಿತ್ತು. ಅದನ್ನು ತೊಟ್ಟು ಹೊಂಬಾಳಮ್ಮ ಪ್ರಯೋಗಾಲಯದ ಹುಳು ಕೋಣೆಗೆ ಕಾಲಿಟ್ಟಾಗ ಅಲ್ಲಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅವಳೂ ನಕ್ಕಳು. ಆಮೇಲೆ ತಟ್ಟೆಗಳ ಮೇಲೆ ಬಾಗಿದಳು, ಮೂರು ದಿನ ತಲೆ ಎತ್ತಲಿಲ್ಲ.

ಗೋಡೆಯ ಮೇಲೆ ಮೇವಿನ ವೇಳಾಪಟ್ಟಿಯಿತ್ತು. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತು ಮೂವತ್ತು ಗಂಟೆ ಆದ ಕೂಡಲೇ ಒಬ್ಬಳು ಸೊಪ್ಪು ತಂದಳು.

"ಇಡ್ಬ್ಯಾಡ," ಎಂದಳು ಹೊಂಬಾಳಮ್ಮ.

"ಟೈಮ್ ಆಯ್ತಲ್ಲ ಆಂಟಿ?"

"ಟೈಮ್ ಆಗಿರಾದು ಗಡಿಯಾರಕ್ಕೆ. ಬಾಯಿ ನೋಡು." ಅವಳು ಒಂದು ಹುಳುವನ್ನು ಅಂಗೈಯಲ್ಲಿ ಎತ್ತಿ ತೋರಿಸಿದಳು. "ಪೊರೆ ಬುಟ್ಟದೆ, ಬಾಯಿನ್ನೂ ಗಟ್ಟಿಯಾಗಿಲ್ಲ. ಇದರ ಪಕ್ಕದ್ದು ಇನ್ನೂ ಜ್ವರದಲ್ಲೇ ಅದೆ. ನೀವು ನಮ್ಮ ಪ್ರೋಟೀನಿನ ಹೊರೇನೂ ಇವುಗಳ ತಲೆ ಮೇಲೆ ಹಾಕಿದ್ದೀರ, ಪಾಪ, ಸುಸ್ತಾಗಿ ನಿಧಾನಕ್ಕೆ ಏಳ್ತವೆ. ಎಲ್ಲಾ ಎದ್ದು, ತಲೆ ಎತ್ತಿ, ಸೊಪ್ಪೆಲ್ಲಿ ಅಂತ ಅತ್ತ ಇತ್ತ ಆಡಿಸ್ಬೇಕು. ಆಗ ಇಡಾದು. ಅದೂ ಈ ಬಲಿತ ಎಲೆಯಲ್ಲ, ಮರಿ ಹುಳಕ್ಕೆ ಕೊಡ್ತೀರಲ್ಲ, ಆ ಎಳೇ ಸೊಪ್ಪು. ಬಾಣಂತಿಗೆ ಎದ್ದ ತಕ್ಷಣ ಮುದ್ದೆ ಉಣ್ಣಿಸ್ತಾರೇನವ್ವ?"

ಹನ್ನೊಂದು ಗಂಟೆ ಕಾದರು. ತಸ್ನೀಮ್ ಗೋಡೆಯ ಪಟ್ಟಿಯನ್ನು ಕಿತ್ತು ಮಡಚಿ ಜೇಬಿಗಿಟ್ಟುಕೊಂಡಳು. ಐನೂರು ಹುಳುಗಳಲ್ಲಿ ಮುನ್ನೂರ ನಲವತ್ತು ಹಣ್ಣಾದವು, ಮೈ ಹಳದಿಗೆ ತಿರುಗಿ ತಲೆ ಎತ್ತಿದವು. ಹೊಂಬಾಳಮ್ಮ ಒಂದೊಂದನ್ನೇ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಮೂರು ದಿನಕ್ಕೆ ಗೂಡುಗಳಾದವು.

ಗೂಡು ಕತ್ತರಿಸಿ ತಣ್ಣನೆಯ ಉಪ್ಪುನೀರಿನಲ್ಲಿ ನೆನೆಸಿ, ಸೋಸಿ, ಶುದ್ಧ ಮಾಡಿದ ದ್ರವದ ಪರೀಕ್ಷೆಗೆ ತಸ್ನೀಮ್ ಅವಳನ್ನೂ ಡಾಕ್ಟರನ್ನೂ ಕರೆಸಿದಳು. ಮೇಜಿನ ಮೇಲೆ ಎರಡು ಗಾಜಿನ ಕೊಳವೆಗಳಿದ್ದವು. ಎರಡರಲ್ಲೂ ಪುಪ್ಪುಸವನ್ನು ತಿನ್ನುವ ಅದೇ ರಸ. ಅದು ಕೆಲಸ ಮಾಡಿದರೆ ನೀರು ಹಳದಿಯಾಗುವಂತೆ ಒಂದು ರಾಸಾಯನಿಕ ಬೆರೆಸಿದ್ದರು. ಎರಡನೆಯ ಕೊಳವೆಗೆ ಮಾತ್ರ ಗೂಡಿನಿಂದ ತೆಗೆದ ದ್ರವದ ನಾಲ್ಕು ಹನಿ.

ಮೊದಲನೆಯದು ನೋಡನೋಡುತ್ತಿದ್ದಂತೆ ಅರಿಶಿನದ ನೀರಾಯಿತು. ಎರಡನೆಯದು ತಿಳಿಯಾಗಿ ನಿಂತಿತ್ತು. ಐದು ನಿಮಿಷ. ಹತ್ತು ನಿಮಿಷ. ಬಣ್ಣ ಬರಲಿಲ್ಲ.

"ತಡ್ಕೊಂಡದೆ," ಎಂದಳು ಹೊಂಬಾಳಮ್ಮ ಮೆಲ್ಲಗೆ. ತಸ್ನೀಮ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಡಾಕ್ಟರ್ ಫಿಲೋಮಿನಾ ಆ ಹಳ್ಳಿಯ ಹೆಂಗಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಅಲ್ಲಿಂದ ಮುಂದೆ ಇಲಿಗಳು, ಮೊಲಗಳು, ಸಮಿತಿಗಳು, ಅನುಮತಿಗಳು. ಹುಳು ಮಾಡಿದ ಪ್ರೋಟೀನಿನ ಮೈಮೇಲೆ ಅಂಟಿರುವ ಸಕ್ಕರೆಯ ಎಳೆಗಳು ನಮ್ಮವಕ್ಕಿಂತ ಗಿಡ್ಡ. ರಕ್ತಕ್ಕೆ ಏರಿಸಿದರೆ ಒಂದೇ ದಿನದಲ್ಲಿ ದೇಹ ಅದನ್ನು ಹೊರಹಾಕಿಬಿಡುತ್ತದೆ. ಹಾಗಾಗಿ ಅದನ್ನು ಮಂಜಿನಂತೆ ಮಾಡಿ ನೇರ ಎದೆಗೆ ಎಳೆದುಕೊಳ್ಳುವ ಉಪಾಯ ಹುಡುಕಿದರು. ಇದಕ್ಕೆಲ್ಲ ಮೂರು ವರ್ಷ ಹಿಡಿಯಿತು. ಊದುವ ಕೊಳವೆಯಲ್ಲಿ ಹೊಂಬಾಳಮ್ಮನ ಅಂಕ ನಲವತ್ತೊಂದಕ್ಕೆ ಬಂದಿತ್ತು. ಸ್ನಾನದ ನಡುವೆ ಎರಡು ಸಲ ಕೂರಬೇಕಾಗುತ್ತಿತ್ತು. ಆದರೂ ಬೆಳೆ ಬಂದಾಗಲೆಲ್ಲ ಟೋಪಿ ತೊಟ್ಟು ಕುರ್ಚಿಯಲ್ಲಿ ಕುಳಿತೇ ಹುಳು ಕೋಣೆಯ ಹುಡುಗಿಯರಿಗೆ ಕಲಿಸುತ್ತಿದ್ದಳು.

ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ಆರು ಮಂದಿಯನ್ನು ಆರಿಸಿದರು. ಹೊಂಬಾಳಮ್ಮನ ವಿಷಯದಲ್ಲಿ ಒಂದು ಅಂಜಿಕೆಯಿತ್ತು. ಡಾಕ್ಟರು ಮುಚ್ಚಿಡಲಿಲ್ಲ.

"ಹುಳು ಸಾಕೋರಿಗೆ ರೇಷ್ಮೆ ಗೋಂದು ಕೆಲವೊಮ್ಮೆ ಆಗಿಬರಾಕಿಲ್ಲ. ನೀವು ಅದರ ಜೊತೆ ಇಷ್ಟು ವರ್ಷ ಇದ್ದೋರು. ಎಷ್ಟೇ ಸೋಸಿದ್ರೂ ಒಂದು ಚೂರು ಉಳಿದಿದ್ರೆ ಗಂಟಲು ಊದಿ ಉಸಿರು ಕಟ್ಟಬಹುದು. ಚರ್ಮದ ಮೇಲೆ ಪರೀಕ್ಷೆ ಮಾಡಿದ್ದೀವಿ, ಏನೂ ಆಗಿಲ್ಲ. ಆದ್ರೂ ಎದೆ ಬೇರೆ, ಚರ್ಮ ಬೇರೆ. ಬೇಡ ಅಂದ್ರೆ ಬೇಡ. ಯಾರೂ ಏನೂ ಅನ್ನಾಕಿಲ್ಲ."

"ಅತ್ತೆ, ಬೇಡ," ಎಂದಳು ಇಂಚರ. "ಬೇರೆಯೋರು ಮೊದಲು ತಗೊಳ್ಳಲಿ. ನಿಂಗೇನಾದ್ರೂ ಆದ್ರೆ ನಂಗ್ಯಾರವ್ರೆ?"

ಹೊಂಬಾಳಮ್ಮ ಅವಳ ಕೆನ್ನೆ ಸವರಿದಳು. "ನಾಳೆ ಇದನ್ನ ನೀನು ತಗೋಬೇಕು ಮಗ. ನೀನೂ ಹುಳು ಮನೇಲಿ ಬೆಳೆದವಳು. ನಂಗೆ ಆಗಿಬಂದ್ರೆ ನಿಂಗೂ ಆಗಿಬತ್ತದೆ. ಅದನ್ನ ಇನ್ಯಾರು ತೋರ್ಸಾಕಾಯ್ತದೆ?" ಎಂದು ಡಾಕ್ಟರ ಕಡೆ ತಿರುಗಿದಳು. "ಎಲ್ಲಿ ಸೈನ್ ಹಾಕಾದು?"

ಬೆಳಿಗ್ಗೆ ಹತ್ತು ಗಂಟೆಗೆ ಮುಖವಾಡ ಕಟ್ಟಿದರು. ಯಂತ್ರ ಗುಯ್‌ಗುಟ್ಟಿತು, ಬಿಳಿ ಮಂಜು ಎದ್ದಿತು. ಪಕ್ಕದ ತಟ್ಟೆಯಲ್ಲಿ ಉಸಿರು ಕಟ್ಟಿದರೆ ಕೊಡುವ ಚುಚ್ಚುಮದ್ದು ತುಂಬಿ ಇಟ್ಟಿತ್ತು. ಮೂರನೇ ನಿಮಿಷಕ್ಕೆ ಹೊಂಬಾಳಮ್ಮ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಡಾಕ್ಟರ ಕೈ ಸಿರಿಂಜಿನ ಮೇಲೆ ಹೋಯಿತು. ಗಾಜಿನಾಚೆ ನಿಂತಿದ್ದ ತಸ್ನೀಮ್ ಕಣ್ಣು ಮುಚ್ಚಿಕೊಂಡಳು. ಹೊಂಬಾಳಮ್ಮ ಕೈ ಎತ್ತಿ 'ತಡೀರಿ' ಎಂಬಂತೆ ಸನ್ನೆ ಮಾಡಿದಳು. ಉಸಿರನ್ನು ನಿಧಾನಕ್ಕೆ ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಯಂತ್ರ ತಾನಾಗಿ ನಿಂತಿತು.

"ಏನನ್ನಿಸ್ತದೆ?" ಎಂದರು ಡಾಕ್ಟರು.

"ಏನೂ ಅನ್ನಿಸಾಕಿಲ್ಲ."

ಆ ಕೋಣೆಯಲ್ಲಿ ಅದಕ್ಕಿಂತ ಸಿಹಿಯಾದ ಮಾತನ್ನು ಯಾರೂ ಕೇಳಿರಲಿಲ್ಲ.

ಎರಡು ವರ್ಷ ದಿನ ಬಿಟ್ಟು ದಿನ ಆ ಮಂಜನ್ನು ಎಳೆದುಕೊಂಡಳು. ಮನೆಯಲ್ಲೇ ಒಂದು ಯಂತ್ರ, ಫ್ರಿಜ್ಜಿನಲ್ಲಿ ಔಷಧಿಯ ಸೀಸೆಗಳು. ಮೊದಲ ಹಂತ ಗೆದ್ದ ಮೇಲೆ ಎರಡನೇ ಹಂತಕ್ಕೆ ಇಂಚರಳನ್ನೂ ಸೇರಿಸಿಕೊಂಡರು. ಆರು ತಿಂಗಳಿಗೊಮ್ಮೆ ಹೊಂಬಾಳಮ್ಮ ಊದಿದಳು. ನಲವತ್ತೊಂದು. ನಲವತ್ತೊಂದು. ನಲವತ್ತು. ನಲವತ್ತೊಂದು.

"ನಾನು ಮೊದಲೇ ಹೇಳಿದ್ದೆ," ಎಂದರು ಡಾಕ್ಟರ್ ಫಿಲೋಮಿನಾ, ಕಾಗದದ ಮೇಲಿನ ನೇರ ಗೆರೆ ತೋರಿಸುತ್ತಾ. "ಹೋದ ಪುಪ್ಪುಸ ವಾಪಸ್ ಬರಾಕಿಲ್ಲ. ಏರಿಲ್ಲ ಅಂತ ಬೇಜಾರಾ?"

"ಏಳು ವರ್ಸದ ಹಿಂದೆ ಬಂದಿದ್ರೆ ಇನ್ನೊಂದೀಟು ಉಳೀತಿತ್ತು, ಅಲ್ವಾ?" ಎಂದಳು ಹೊಂಬಾಳಮ್ಮ. ಆ ಗೆರೆಯ ಮೇಲೆ ಬೆರಳು ಎಳೆದಳು. "ಹಂಗಿದ್ರೆ ಇನ್ನೂ ಗೊತ್ತಿಲ್ಲದೇ ಇರೋರು ಕಾಯ್ಬಾರ್ದು."

ಮರುದಿನದಿಂದ ಅವಳು ಹೊರಟಳು. ಡಾಕ್ಟರು ಏಳು ವರ್ಷದ ಹಿಂದೆ ಗೆರೆ ಎಳೆದ ವಂಶಾವಳಿಯ ನಕಲು ಕೈಯಲ್ಲಿ, ಇಂಚರಳ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ದೊಡ್ಡಿಯಿಂದ ದೊಡ್ಡಿಗೆ, ಹತ್ತು ಹೆಜ್ಜೆ ನಡೆದು ನಿಂತು, ನಿಂತು ಮತ್ತೆ ಹತ್ತು ಹೆಜ್ಜೆ ನಡೆದು. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ಕಾಫಿ ಕೊಟ್ಟು ಮಾತು ಬದಲಿಸಿದರು. ಇಂಚರಳನ್ನು ನೋಡಲು ಬಂದ ಒಂದು ಕಡೆಯವರಿಗೆ ಹೊಂಬಾಳಮ್ಮ ಎಲ್ಲವನ್ನೂ ಹೇಳಿದಳು. ಅವರು ಎದ್ದು ಹೋದರು. ಇನ್ನೊಂದು ಕಡೆಯವರು ಎದ್ದು ಹೋಗಲಿಲ್ಲ. ತಮ್ಮ ಹುಡುಗನ ರಕ್ತವನ್ನೂ ನೋಡಿಸಿ ಎಂದರು. ಅವನಲ್ಲಿ ದೋಷವಿರಲಿಲ್ಲ; ಹುಟ್ಟುವ ಮಕ್ಕಳಿಗೆ ಕಾಯಿಲೆ ಬಾರದೆಂದು ಸಂಬಂಧ ಕುದುರಿತು. ಈ ಸುದ್ದಿ ಹೊಂಬಾಳಮ್ಮನ ಕಾಲಿಗಿಂತ ಬೇಗ ಊರೂರು ತಿರುಗಿತು.

ರಕ್ತ ಪರೀಕ್ಷೆಗೆಂದು ಗೊತ್ತು ಮಾಡಿದ ದಿನ ಡಾಕ್ಟರ್ ಫಿಲೋಮಿನಾ ಅಚ್ಚಲುದೊಡ್ಡಿಯ ಶಾಲೆಯ ಕೋಣೆಯಲ್ಲಿ ಮೇಜು ಹಾಕಿಸಿದರು. ಹತ್ತು ಜನ ಬಂದರೆ ಪುಣ್ಯ ಎಂದುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ನಲವತ್ತಮೂರು ಜನರ ರಕ್ತ ಸೀಸೆಗಳಿಗೆ ಇಳಿದಿತ್ತು. ಹಾಲುಗಲ್ಲದ ಕೂಸುಗಳಿದ್ದವು, ಕೋಲು ಊರಿದ ಮುದುಕಿಯರಿದ್ದರು.

ಎಲ್ಲ ಮುಗಿದು ನರ್ಸು ಪೆಟ್ಟಿಗೆ ಮುಚ್ಚುವಾಗ ಬಾಗಿಲಲ್ಲಿ ಆಟೋ ನಿಂತಿತು. ಇಬ್ಬರು ಮೊಮ್ಮಕ್ಕಳ ಹೆಗಲ ಮೇಲೆ ಕೈ ಹಾಕಿಕೊಂಡು ಚಿಕ್ಕಲಿಂಗೇಗೌಡ ಇಳಿದ. ಮೂರು ಮೆಟ್ಟಿಲು ಹತ್ತಲು ಮೂರು ಸಲ ನಿಂತ. ಒಳಗೆ ಬಂದು ಬೆಂಚಿನ ಮೇಲೆ ಕುಳಿತು, ಮಾತು ಬರುವಷ್ಟು ಉಸಿರು ಕೂಡಿಕೊಳ್ಳುವ ತನಕ ನೆಲ ನೋಡಿದ. ಹೊಂಬಾಳಮ್ಮ ಒಂದು ಲೋಟ ನೀರು ತಂದು ಅವನ ಪಕ್ಕದಲ್ಲಿಟ್ಟಳು.

ಅವನು ನೀರು ಕುಡಿದ. ಹುಡುಗಿಯರಿಬ್ಬರನ್ನೂ ಮುಂದಕ್ಕೆ ತಳ್ಳಿದ. ಆಮೇಲೆ ತನ್ನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಒಣಗಿದ ಕೈಯನ್ನು ಮೇಜಿನ ಮೇಲೆ ಚಾಚಿದ.

"ಮೊದಲು ಈ ಮಕ್ಕಳದ್ದು ತಗಳವ್ವ," ಎಂದ ನರ್ಸಿಗೆ. "ಆಮೇಲೆ ನಂದು. ನಮ್ಮ ಹೊಂಬಾಳಿ ಕೇಳವ್ಳೆ."